ಸಾಲಿಗ್ರಾಮ ಮುಟ್ಟಿದವಳು

"ಗುರುಗಳೇ, ಹೆಂಗಸು ಸಾಲಿಗ್ರಾಮ ಮುಟ್ಟಿದರೆ ಪ್ರಾಯಶ್ಚಿತ್ತ ಏನು?" ಎಂದು ಶ್ರೀಪತಿ ಕೇಳಿದ.

ಬಿಂದುಮಾಧವಾಚಾರ್ಯರು ಪಾಠಶಾಲೆಯ ಜಗಲಿಯಲ್ಲಿ ಕೂತು ಪೂಜೆಗೆ ತುಳಸಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಹೆಂಗಸು?"

"ನನ್ನ ಹೆಂಡತಿ."

"ಯಾಕೆ ಮುಟ್ಟಿದಳು?"

"ಬೆಕ್ಕು ಹಾರಿ ದೇವರ ಪೆಟ್ಟಿಗೆ ಉರುಳಿತಂತೆ. ನಾನು ಸ್ನಾನಕ್ಕೆ ಹೊಳೆಗೆ ಹೋಗಿದ್ದೆ. ಸಾಲಿಗ್ರಾಮ ಹೊಸ್ತಿಲು ದಾಟಿ ನಡುಮನೆಗೆ ಬಂತಂತೆ. ಯಾರಾದರೂ ತುಳಿದುಬಿಟ್ಟಾರು ಎಂದು ಎತ್ತಿ ಅಕ್ಕಿ ತಟ್ಟೆಯಲ್ಲಿ ಇಟ್ಟಳಂತೆ. ಕಾರಣ ಏನಿದ್ದರೇನು, ಮುಟ್ಟಿದ್ದು ಮುಟ್ಟಿದ್ದೇ ಅಲ್ಲವೇ? ನಿನ್ನೆ ಬೆಳಗಿನಿಂದ ಹೊರಗೆ ಜಗಲಿಯಲ್ಲಿ ಕೂರಿಸಿದ್ದೇನೆ. ನೀವು ಏನು ಮಾಡಿಸಬೇಕೆಂದು ಹೇಳಿದ ಮೇಲೆಯೇ ಒಳಗೆ."

"ಊಟ?"

"ಶುದ್ಧಿಯಾಗದೆ ಊಟ ಹೇಗೆ ಗುರುಗಳೇ?"

ಆಚಾರ್ಯರು ತುಳಸಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಅವರಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ ಎಂಬುದು ಪಾಠಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಶ್ರೀಪತಿಗೂ ಗೊತ್ತು. ಆದರೆ ಆ ಹೊತ್ತು ಅವನು ತನ್ನ ಸಿಟ್ಟಿನಲ್ಲೇ ಇದ್ದ, ಗುರುಗಳ ಕಿವಿಯನ್ನು ನೋಡಲಿಲ್ಲ.

"ಕೂತುಕೋ" ಎಂದರು ಆಚಾರ್ಯರು. "ಮಧ್ಯೆ ಬಾಯಿ ಹಾಕಬೇಡ. ಕೇಳು."

ಹೀಗೆಂದು ಕತೆ ಹೇಳಿದರು.

ಹೊಳೆದಂಡೆಯ ಒಂದು ಊರಿನಲ್ಲಿ ಒಬ್ಬ ಅರ್ಚಕನಿದ್ದ. ಅವನ ಹೆಸರು ಬೇಡ, ಹೆಸರು ಹೇಳುವಷ್ಟು ದೊಡ್ಡ ಮನುಷ್ಯನೇನಲ್ಲ. ಅವನ ಹೆಂಡತಿ ರುಕ್ಕಮ್ಮ. ಆ ಹೆಸರನ್ನು ನೆನಪಿಟ್ಟುಕೋ. ಮನೆಯಲ್ಲಿ ಇನ್ನೊಂದು ಜೀವ ಎಂದರೆ ಅರ್ಚಕನ ತಾಯಿ, ಎಂಬತ್ತು ದಾಟಿದ ಮುದುಕಿ.

ಆ ಮನೆಯಲ್ಲಿ ಒಂದು ಸಾಲಿಗ್ರಾಮವಿತ್ತು. ಅರ್ಚಕನ ಮುತ್ತಜ್ಜ ಗಂಡಕೀ ನದಿಯವರೆಗೆ ನಡೆದುಕೊಂಡು ಹೋಗಿ ತಂದದ್ದು. ಕಪ್ಪು ಕಲ್ಲು. ಗೇಣಿಗಿಂತ ಕೊಂಚ ದೊಡ್ಡದು. ಮೈಮೇಲೆ ಸುತ್ತಿ ಸುತ್ತಿ ಒಳಗೆ ಹೋದ ಚಕ್ರ. ಸಾಕ್ಷಾತ್ ನಾರಾಯಣ ಎಂದು ನಾಲ್ಕು ತಲೆಮಾರು ಅದಕ್ಕೆ ಅಡ್ಡಬಿದ್ದಿತ್ತು.

ಆ ಮನೆಗೆ ಎರಡು ನಿಯಮ. ಮೊದಲನೆಯದು, ಸಾಲಿಗ್ರಾಮಕ್ಕೆ ದಿನಾ ಅಭಿಷೇಕವಾಗಿ, ನೈವೇದ್ಯವಾಗಿ, ಅಭಿಷೇಕದ ನೀರು ತೀರ್ಥವಾಗಿ ಕೈಗೆ ಬೀಳುವವರೆಗೆ ಮನೆಯವರು ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಎರಡನೆಯದು, ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವ ಹಾಗಿಲ್ಲ. ಈ ಎರಡು ನಿಯಮಗಳೂ ಒಂದಕ್ಕೊಂದು ಎದುರಾಗಿ ನಿಲ್ಲುವ ದಿನ ಬರಬಹುದು ಎಂದು ನಾಲ್ಕು ತಲೆಮಾರಿನಲ್ಲಿ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ಹಸಿವಾದರೆ ತಾವೇ ಎದ್ದು ಪೂಜೆ ಮುಗಿಸುವವರು.

ರುಕ್ಕಮ್ಮ ಆ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಇಪ್ಪತ್ತೆರಡು ವರ್ಷ ಬೆಳಗಾದರೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಲೆ ಹಚ್ಚಿ, ದೇವರಿಗೆಂದು ಅನ್ನ ಮಾಡಿದ್ದಳು. ದೇವರ ಕೋಣೆಯ ಹೊಸ್ತಿಲಿನವರೆಗೆ ಪಾತ್ರೆ ತಂದಿಟ್ಟು ಹಿಂದೆ ಸರಿಯುವುದು ಅವಳ ಕೆಲಸ. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಗಂಡನ ಬೆನ್ನು. ಇಪ್ಪತ್ತೆರಡು ವರ್ಷ ಅವಳು ಬಡಿಸಿದ ದೇವರ ಮುಖವನ್ನು ಅವಳು ಸರಿಯಾಗಿ ಕಂಡಿರಲಿಲ್ಲ. ಅದಕ್ಕೆ ಅವಳೇನೂ ಗೊಣಗಿರಲಿಲ್ಲ. ನಿಯಮ ಎಂದರೆ ನಿಯಮ ಎಂದುಕೊಂಡಿದ್ದಳು, ಪಾಪ.

ಒಂದು ಮಳೆಗಾಲ. ಹೊಳೆಯಾಚೆಯ ಊರಿನಲ್ಲಿ ದೊಡ್ಡವರ ಮನೆಯ ಉಪನಯನ. ಅರ್ಚಕ ಬೆಳಗಿನ ಪೂಜೆ ಮುಗಿಸಿ, ಉಂಡು, ಸೇತುವೆ ದಾಟಿ ಹೋದ. ಆ ಬೀದಿಯ ಗಂಡಸರೆಲ್ಲ ಹೋದರು. ಸಂಜೆಯೊಳಗೆ ಬರುತ್ತೇವೆ ಎಂದು ಹೋದವರು. ಮೇಲೆ ಅಣೆಕಟ್ಟಿನ ಬಾಗಿಲು ತೆಗೆದರು. ಸಂಜೆಗೆ ಸೇತುವೆಯ ಮೇಲೆ ಆಳುದ್ದ ನೀರು. ಆಚೆಯವರು ಆಚೆ, ಈಚೆಯವರು ಈಚೆ.

ಮರುದಿನ ಬೆಳಿಗ್ಗೆ ರುಕ್ಕಮ್ಮ ಸ್ನಾನ ಮಾಡಿ, ಅನ್ನ ಮಾಡಿ, ಪಾತ್ರೆಯನ್ನು ಹೊಸ್ತಿಲಲ್ಲಿ ಇಟ್ಟು ಹಿಂದೆ ಸರಿದಳು. ಒಳಗೆ ಯಾರೂ ಇರಲಿಲ್ಲ.

ಅವಳಿಗೆ ಉಪವಾಸ ಹೊಸದಲ್ಲ. ತಿಂಗಳಿಗೆ ಎರಡು ಏಕಾದಶಿ, ಮೇಲೆ ಹತ್ತೆಂಟು ವ್ರತ. ತಾನು ಎರಡು ದಿನವಲ್ಲ, ನಾಲ್ಕು ದಿನ ಇದ್ದಾಳು. ಆದರೆ ಅತ್ತೆ? ಆ ಮುದುಕಿ ಒಂಬತ್ತನೇ ವರ್ಷಕ್ಕೆ ಮದುವೆಯಾಗಿ ಆ ಮನೆ ಹೊಕ್ಕವಳು. ಅವತ್ತಿನಿಂದ ತೀರ್ಥ ತೆಗೆದುಕೊಳ್ಳದೆ ಒಂದು ಹನಿ ನೀರು ಕುಡಿದವಳಲ್ಲ. ಹೆರಿಗೆಯಾದ ದಿನಗಳಲ್ಲೂ ಕುಡಿದವಳಲ್ಲ ಎಂದು ಬೀದಿಯವರು ಹೊಗಳುತ್ತಿದ್ದರು. ಹೊಗಳಿ ಹೊಗಳಿಯೇ ಅವಳನ್ನು ಕೆಡಿಸಿಟ್ಟಿದ್ದರು.

"ಅತ್ತೇ, ಒಂದು ಲೋಟ ಹಾಲು ಕುಡಿಯಿರಿ."

"ತೀರ್ಥ ಎಲ್ಲಿ?"

"ನಿನ್ನೆಯದು ಒಂದಿಷ್ಟು ಬಟ್ಟಲಲ್ಲಿದೆ."

"ನಿನ್ನೆಯದು ಹಳಸಿದ್ದು. ಇವತ್ತಿನದು ತಾ."

ಇವತ್ತಿನದು ಎಲ್ಲಿಂದ ತರಬೇಕು? ರುಕ್ಕಮ್ಮ ಗಂಡನಿಗೆ ಫೋನ್ ಮಾಡಿದಳು. ವಿಷಯ ಹೇಳಿದಳು. ನಾನು ಮಡಿಯಲ್ಲೇ ಇದ್ದೇನೆ, ಒಂದು ಚೊಂಬು ನೀರು ಹಾಕಿ ತೀರ್ಥ ತೆಗೆಯಲೇ ಎಂದು ಕೇಳಿದಳು. ನೋಡು, ಕೇಳಿದಳು. ಕೇಳದೆ ಮಾಡಲಿಲ್ಲ.

"ಹುಚ್ಚು ಹಿಡಿದಿದೆಯೇ ನಿನಗೆ?" ಎಂದ ಅರ್ಚಕ. "ಮುಟ್ಟಿದೆಯೋ, ನೋಡು! ನಾಲ್ಕು ತಲೆಮಾರಿನ ಪುಣ್ಯ ಹೊಳೆಗೆ ಹೋಗುತ್ತದೆ. ನೀರು ಇಳಿಯುತ್ತದೆ, ನಾಳೆ ಬರುತ್ತೇನೆ. ಒಂದು ದಿನದ ಉಪವಾಸದಿಂದ ಯಾರೂ ಸಾಯುವುದಿಲ್ಲ."

ಮರುದಿನ ನೀರು ಇಳಿಯಲಿಲ್ಲ. ಮುದುಕಿಯ ನಾಲಿಗೆ ಒಣಗಿತು. ಮಾತು ತೊದಲಿತು. ಹಾಸಿಗೆಯಿಂದ ಏಳಿಸಲು ಹೋದರೆ ತಲೆ ಒಂದು ಕಡೆ ವಾಲಿತು. ಎದುರು ಮನೆಯವಳು ಬಂದು ನೋಡಿ, ಬಾಯಿಗೆ ಸೆರಗು ಹಿಡಿದುಕೊಂಡು ಹೊರಗೆ ಹೋದಳು. ರುಕ್ಕಮ್ಮ ಚಮಚದಲ್ಲಿ ನೀರು ಹಿಡಿದರೆ ಆ ಹಟಮಾರಿ ತುಟಿ ಬಿಗಿದುಕೊಂಡಿತು. ಜ್ಞಾನ ಅರ್ಧ ಹೋಗಿತ್ತು, ನಿಯಮ ಪೂರ್ತಿ ಉಳಿದಿತ್ತು.

ರುಕ್ಕಮ್ಮ ಮತ್ತೆ ಫೋನ್ ಮಾಡಿದಳು. "ಅಮ್ಮ ಉಳಿಯುವ ಹಾಗೆ ಕಾಣುವುದಿಲ್ಲ" ಎಂದಳು. "ಒಂದೇ ಒಂದು ಸಲ ಅಪ್ಪಣೆ ಕೊಡಿ."

"ಅಮ್ಮನನ್ನೇ ಕೇಳಿ ನೋಡು, ಅವಳು ಒಪ್ಪುತ್ತಾಳೆಯೇ? ಅವಳ ನಿಷ್ಠೆಯನ್ನು ನೀನು ಹಾಳು ಮಾಡಬೇಡ. ಧೈರ್ಯವಾಗಿರು, ದೇವರಿದ್ದಾನೆ" ಎಂದ ಅರ್ಚಕ. ಆಮೇಲೆ ಫೋನನ್ನು ಕಿವಿಯಿಂದ ತೆಗೆಯದೆಯೇ ಪಕ್ಕದವನಿಗೆ ಹೇಳಿದ: "ಇಲ್ಲಿ ಇನ್ನೊಂದು ಹೋಳಿಗೆ ಹಾಕಿ. ತುಪ್ಪ ಸ್ವಲ್ಪ ಮುಂದೆಯೇ ಬರಲಿ."

ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ ಎಂಬುದನ್ನು ಮರೆಯಬೇಡ. ಉಪನಯನದ ಮನೆಯ ದೇವರಿಗೆ ಅಲ್ಲಿಯವರು ನೈವೇದ್ಯ ಮಾಡಿದ್ದರು. ಅವನ ಎಲೆ ಶುದ್ಧವಾಗಿಯೇ ಇತ್ತು.

ರುಕ್ಕಮ್ಮನಿಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ಅವಳಿಗೆ ಬೇಜಾರಾಗಿತ್ತು, ದುಃಖವಾಗಿತ್ತು, ಸುಸ್ತಾಗಿತ್ತು. ಸಿಟ್ಟು ಬಂದದ್ದು ಅದೇ ಮೊದಲು. ಹೋಳಿಗೆಯ ಮೇಲಲ್ಲ. ತುಪ್ಪದ ಮೇಲೂ ಅಲ್ಲ. ಇಲ್ಲಿ ಸಾಯುತ್ತಿರುವುದು ಅವನ ತಾಯಿ, ಅವನಿಗೆ ಅದು ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಕೇಳಿಸಿತಲ್ಲ, ಅದರ ಮೇಲೆ. ನನ್ನನ್ನು ಅಪ್ಪಣೆ ಕೇಳುವವಳನ್ನಾಗಿ ಮಾಡಿಟ್ಟು, ಅಪ್ಪಣೆ ಕೊಡುವವನು ಅಲ್ಲಿ ಕೂತು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಾನಲ್ಲ, ಅದರ ಮೇಲೆ. ಅವಳು ಫೋನನ್ನು ಅಕ್ಕಿಯ ಡಬ್ಬದ ಮೇಲೆ ಕುಕ್ಕಿದಳು.

ಬಾವಿಕಟ್ಟೆಗೆ ಹೋಗಿ ಮೂರು ಕೊಡ ನೀರು ಸುರಿದುಕೊಂಡಳು. ಅನ್ನಕ್ಕೆ ಇಟ್ಟಳು. ಬೆಂದ ಅನ್ನವನ್ನು ಹಿಡಿದುಕೊಂಡು ಹೊಸ್ತಿಲಿನವರೆಗೆ ಬಂದಳು. ಕಾಲು ತಾನಾಗಿಯೇ ನಿಂತಿತು, ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡು. ನಿಂತ ಕಾಲಿಗೆ "ಥೂ ನಿನ್ನ!" ಎಂದು ಬೈದು ಒಳಗೆ ಇಟ್ಟಳು.

ಪೆಟ್ಟಿಗೆ ತೆರೆದು ಸಾಲಿಗ್ರಾಮವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಭಾರವಾಗಿತ್ತು. ತಣ್ಣಗಿತ್ತು. ಸುತ್ತುಗಳ ಮೇಲಿನ ಗೀರುಗಳು ಹೆಬ್ಬೆರಳಿಗೆ ಸಿಕ್ಕಿದವು. ಸಿಡಿಲು ಬಡಿಯಲಿಲ್ಲ. ಕಣ್ಣು ಹೋಗಲಿಲ್ಲ. ಅಭಿಷೇಕದ ಮಂತ್ರ ಅವಳಿಗೆ ಬರುತ್ತಿತ್ತು, ಗೋಡೆಯಾಚೆ ರುಬ್ಬುತ್ತ ರುಬ್ಬುತ್ತ ಕಿವಿಗೆ ಬಿದ್ದು ಬಾಯಿಪಾಠವಾಗಿತ್ತು. ಅದನ್ನು ಹೇಳಲಿಲ್ಲ. ನೀರು ಹೊಯ್ಯುತ್ತ ಬೈದಳು.

"ನನ್ನ ಕೈಯ ಅನ್ನ ಆಗುತ್ತದೆ ನಿನಗೆ, ನನ್ನ ಕೈ ಆಗುವುದಿಲ್ಲವೇ?" ಎಂದಳು. "ನಿನಗೆ ಹಸಿವೇ ಇಲ್ಲವೇನು? ಆ ಮುದುಕಿ ನಿನ್ನ ಹೆಸರು ಹೇಳಿಕೊಂಡು ಒಣಗುತ್ತಿದೆ, ನೀನು ಪೆಟ್ಟಿಗೆಯಲ್ಲಿ ಹಾಯಾಗಿ ಮಲಗಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?"

ಬೈದುಕೊಂಡೇ ಅದರ ಮೈ ಒರೆಸಿದಳು, ತುಳಸಿ ಏರಿಸಿದಳು, ಅನ್ನ ಇಟ್ಟಳು, ಆರತಿ ಎತ್ತಿದಳು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ತೀರ್ಥದ ಬಟ್ಟಲು ಹಿಡಿದು ಅತ್ತೆಯ ಹತ್ತಿರ ಕೂತಳು. ತುಳಸಿಯ ವಾಸನೆಗೆ ಮುದುಕಿ ಕಣ್ಣು ಬಿಟ್ಟಳು.

"ಅವನು ಬಂದನೇ?"

"ಇಲ್ಲ."

"ಮತ್ತೆ ಯಾರು ಮಾಡಿದರು?"

ಸುಳ್ಳು ಹೇಳಬಹುದಿತ್ತು. ಎದುರು ಮನೆಗೆ ಯಾರೋ ನೆಂಟರು ಬಂದಿದ್ದರು ಎನ್ನಬಹುದಿತ್ತು. ಸಿಟ್ಟು ಅವಳಿಗೆ ಸುಳ್ಳು ಹೇಳಲು ಬಿಡಲಿಲ್ಲ.

"ನಾನೇ ಮಾಡಿದೆ" ಎಂದಳು.

ಮುದುಕಿ ಸೊಸೆಯನ್ನೇ ನೋಡಿದಳು. ಈ ಬಾಯಿ ಈಗ ಮುಚ್ಚಿಕೊಂಡರೆ ಇನ್ನು ತೆರೆಯುವುದಿಲ್ಲ ಎಂದು ರುಕ್ಕಮ್ಮನಿಗೆ ಗೊತ್ತಿತ್ತು.

"ಕತ್ತೆ!" ಎಂದಳು ಮುದುಕಿ. "ನಿನ್ನೆಯೇ ಮಾಡುವುದಕ್ಕೆ ಏನಾಗಿತ್ತು ನಿನಗೆ ರೋಗ? ನಾನು ಸಾಯಲಿ ಎಂದು ಕಾಯುತ್ತಿದ್ದೆಯಾ?"

ಎಂದವಳೇ ಅಂಗೈ ಚಾಚಿದಳು. ಮೂರು ಸಲ ತೀರ್ಥ ತೆಗೆದುಕೊಂಡಳು. ಆಮೇಲೆ ಒಂದು ಲೋಟ ನೀರು. ಆಮೇಲೆ ಗಂಜಿ. ಸಂಜೆಗೆ, ಗಂಜಿಗೆ ಉಪ್ಪು ಸಾಲದು ಎಂದು ಜಗಳ ತೆಗೆಯುವಷ್ಟು ಚೇತರಿಸಿಕೊಂಡಳು. ರುಕ್ಕಮ್ಮ ಮರುದಿನವೂ ಪೂಜೆ ಮಾಡಿದಳು, ಅದರ ಮರುದಿನವೂ ಮಾಡಿದಳು.

ನೀರು ಇಳಿಯಿತು. ಅರ್ಚಕ ಬಂದ. ದೇವರ ಕೋಣೆಯಲ್ಲಿ ಹೊಸ ತುಳಸಿ ಕಂಡಿತು, ಅಷ್ಟೇ. ಚಪ್ಪಲಿ ಬಿಟ್ಟ ಕಾಲು ತೊಳೆಯುವುದಕ್ಕೂ ಪುರುಸೊತ್ತಾಗಲಿಲ್ಲ ಅವನಿಗೆ. ಬೀದಿಯೆಲ್ಲ ಕೇಳುವ ಹಾಗೆ ಕೂಗಾಡಿದ. ಮನೆ ಹಾಳು ಮಾಡಿದೆ ಎಂದ. ಮುಂಡೆ ಎಂದ. ಗಂಡನಾದ ತಾನು ಬದುಕಿರುವಾಗಲೇ ಆ ಮಾತು ಅಂದುಬಿಟ್ಟೆ ಎಂಬ ಎಚ್ಚರವೂ ಇರಲಿಲ್ಲ.

ಮುದುಕಿ ಒಳಗಿನಿಂದ ಹೇಳಿದಳು: "ಅವಳು ಮಾಡದಿದ್ದರೆ ಇವತ್ತು ನೀನು ನನಗೆ ಕೊಳ್ಳಿ ಇಡುತ್ತಿದ್ದೆ."

"ನೀನು ಸುಮ್ಮನಿರಮ್ಮ. ಹಸಿದವರ ಮಾತು ಶಾಸ್ತ್ರವಲ್ಲ" ಎಂದ ಮಗ. ಹೆಂಡತಿಯ ಕಡೆ ತಿರುಗಿ, "ನಲವತ್ತೆಂಟು ದಿನ ಹಿತ್ತಲ ಜಗಲಿಯಲ್ಲಿ ಬಿದ್ದಿರು. ಒಳಗೆ ಕಾಲಿಡಬೇಡ. ಅಷ್ಟರಲ್ಲಿ ನಿನ್ನನ್ನು ಇಟ್ಟುಕೊಳ್ಳಬೇಕೋ ತವರಿಗೆ ಅಟ್ಟಬೇಕೋ ಯೋಚನೆ ಮಾಡುತ್ತೇನೆ" ಎಂದ.

ರುಕ್ಕಮ್ಮ ಅಳಲಿಲ್ಲ. "ಹಿತ್ತಲಲ್ಲಿ ಯಾಕೆ?" ಎಂದಳು. "ನಾನೇನು ಕದ್ದಿಲ್ಲ. ಮುಂದುಗಡೆಯೇ ಕೂರುತ್ತೇನೆ, ನಾಲ್ಕು ಜನ ನೋಡಲಿ." ಹೋಗಿ ಬೀದಿಯ ಜಗಲಿಯ ಮೇಲೆ, ಕಂಬಕ್ಕೆ ಒರಗಿ ಕೂತಳು.

ಇನ್ನು ದೇವರಿಗೆ ಅನ್ನ ಮಾಡುವವರು ಯಾರು? ಅದು ಅರ್ಚಕನಿಗೆ ಮರುದಿನ ಬೆಳಿಗ್ಗೆ ನೆನಪಾಯಿತು. ತಾನೇ ಒಲೆ ಹಚ್ಚಿದ. ತಳ ಸೀದ ಅನ್ನವನ್ನು ನೈವೇದ್ಯಕ್ಕೆ ಇಟ್ಟ. ದೇವರು ಭಾವವನ್ನು ನೋಡುತ್ತಾನೆ, ಅನ್ನವನ್ನಲ್ಲ ಎಂದು ತಾಯಿಗೆ ಹೇಳಿದ. ಭಾವ ನೋಡುತ್ತಾನಂತೆ! ಇವನ ಸೀದ ಅನ್ನಕ್ಕೆ ಭಾವ ನೋಡುವ ದೇವರು ಅವಳ ಒದ್ದೆ ಕೈಗೆ ಮಾತ್ರ ಕಣ್ಣು ಮುಚ್ಚಿಕೊಂಡನೇ? ಮುದುಕಿ ತೀರ್ಥ ತೆಗೆದುಕೊಂಡಳು, ಸೀದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟಳು. ಎದುರು ಮನೆಯವಳು ರುಕ್ಕಮ್ಮನಿಗೆ ಎರಡು ಹೊತ್ತು ಊಟ ತಂದುಕೊಟ್ಟಳು. ಮುದುಕಿ ಕೋಲು ಊರಿಕೊಂಡು ಬಂದು ಅದರಲ್ಲೇ ಪಾಲು ತೆಗೆದುಕೊಂಡಳು.

ಆ ಕಡೆ ಅರ್ಚಕನಿಗೆ ಒಂದು ಹಟ ಹುಟ್ಟಿತು. ಸಾಲಿಗ್ರಾಮ ಕೆಟ್ಟಿದೆ ಎಂದು ತೋರಿಸಬೇಕು. ಕೆಟ್ಟಿದೆ ಎಂದಾದರೆ ತಪ್ಪು ಅವಳದು, ಮಾತು ಮುಗಿಯಿತು. ಅವರ ಮನೆತನದಲ್ಲಿ ಒಂದು ಪರೀಕ್ಷೆಯಿತ್ತು. ಸಾಲಿಗ್ರಾಮವನ್ನು ಅಕ್ಕಿಯಲ್ಲಿ ಹೂತು, ಪಾತ್ರೆಯಲ್ಲಿ ಅಕ್ಕಿಯ ಮಟ್ಟಕ್ಕೆ ಗೆರೆ ಎಳೆದು ಇಡುವುದು. ಮರುದಿನ ಅಕ್ಕಿ ಇಳಿದಿದ್ದರೆ ದೇವರ ಕಳೆ ಹೋಯಿತು, ಸಮವಾಗಿದ್ದರೆ ಇದೆ ಎಂದು ಅರ್ಥ. ಹೂತಿಟ್ಟ. ಮರುದಿನ ನೋಡಿದ. ಅಕ್ಕಿ ಒಂದು ಕಾಳೂ ಇಳಿದಿರಲಿಲ್ಲ.

ಮನೆದೇವರು ಮನೆಯಲ್ಲೇ ಇದ್ದಾನೆ ಎಂದು ಕುಣಿದಾಡಬೇಕಾದವನು ಮುಖ ಸಪ್ಪಗೆ ಮಾಡಿಕೊಂಡ. ಸಿಟ್ಟು ಹಿಡಿದವನಿಗೆ ದೇವರು ಇರುವುದೂ ಬೇಡವಾಗುತ್ತದೆ ನೋಡು.

ಆ ಬೀದಿಯ ಕೊನೆಯಲ್ಲಿ ಒಬ್ಬ ಮೇಷ್ಟ್ರು ಬಾಡಿಗೆಗಿದ್ದರು. ತಾಲ್ಲೂಕಿನ ಕಾಲೇಜಿನಲ್ಲಿ ಭೂಗರ್ಭದ ಪಾಠ ಹೇಳುವವರು. ಮನೆ ತುಂಬ ಕಲ್ಲು. ಅರ್ಚಕ ಅವರನ್ನು ಕರೆಸಿದ. ದೇವರನ್ನು ಹೊರಗೆ ಒಯ್ಯುವ ಹಾಗಿಲ್ಲವಾದ್ದರಿಂದ ತಾನು ಹೊಸ್ತಿಲೊಳಗೆ ಸಾಲಿಗ್ರಾಮ ಹಿಡಿದು ನಿಂತ. ಮೇಷ್ಟ್ರು ಜಗಲಿಯ ಮೇಲೆ ಕೂತರು. ಎರಡು ಮಾರು ಆಚೆ ರುಕ್ಕಮ್ಮ ಕಂಬಕ್ಕೆ ಒರಗಿದ್ದಳು. ಅಲ್ಲಿ ಆಡಿದ ಮಾತೆಲ್ಲ ಅವಳ ಕಿವಿಗೆ ಬಿದ್ದಿತು.

"ಕಲ್ಲಿನ ವಿಷಯ ತಿಳಿದವರು ನೀವು. ಇದರಲ್ಲಿ ಏನಾದರೂ ಬಿರುಕು, ಬಣ್ಣ ತಿರುಗಿದ್ದು, ಕೆಟ್ಟದ್ದು ಇದೆಯೇ ನೋಡಿ ಹೇಳಿ" ಎಂದ ಅರ್ಚಕ.

ಮೇಷ್ಟ್ರು ಕನ್ನಡಕ ಏರಿಸಿ, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದರು. "ಕೆಟ್ಟಿಲ್ಲ" ಎಂದರು. "ಇಷ್ಟು ಚೆನ್ನಾಗಿ ಉಳಿದ ಪೆರಿಸ್ಫಿಂಕ್ಟಿಸ್ ನಾನು ಕಂಡದ್ದು ಕಡಿಮೆ."

"ಏನದು?"

"ಒಂದು ಪ್ರಾಣಿಯ ಹೆಸರು. ಅಮೊನೈಟ್ ಎಂಬ ದೊಡ್ಡ ಬಳಗದಲ್ಲಿ ಒಂದು ಕುಲ. ಹದಿನೈದು ಕೋಟಿ ವರ್ಷದ ಹಿಂದೆ, ಇವತ್ತು ಹಿಮಾಲಯ ಇರುವ ಕಡೆ ಸಮುದ್ರವಿತ್ತು. ಅದರಲ್ಲಿ ಈಜುತ್ತಿತ್ತು. ಈಗ ಭೂಮಿಯ ಮೇಲೆ ಒಂದೂ ಇಲ್ಲ. ಕುಲವೇ ಅಳಿದು ಹೋಯಿತು. ಉಳಿದದ್ದು ಅವುಗಳ ಚಿಪ್ಪು, ಈ ಮನೆಗಳು."

"ನಮ್ಮ ಗ್ರಂಥದಲ್ಲೂ ಇದೆ" ಎಂದ ಅರ್ಚಕ, ತನಗೂ ಗೊತ್ತು ಎಂದು ತೋರಿಸಿಕೊಳ್ಳಲು. "ವಜ್ರಕೀಟ ಎಂಬ ಹುಳ ಕಲ್ಲನ್ನು ಕೊರೆದು ಒಳಗೆ ಚಕ್ರ ಮಾಡುತ್ತದೆ."

"ಕೊರೆದದ್ದಲ್ಲ ಸ್ವಾಮಿ, ಕಟ್ಟಿದ್ದು" ಎಂದರು ಮೇಷ್ಟ್ರು. "ಬೆಳೆದ ಹಾಗೆಲ್ಲ ಮುಂದೆ ಒಂದು ಕೋಣೆ ಕಟ್ಟುತ್ತದೆ. ಹಿಂದಿನದನ್ನು ಗೋಡೆ ಹಾಕಿ ಮುಚ್ಚಿ, ಹೊಸದಕ್ಕೆ ಬರುತ್ತದೆ. ಹುಟ್ಟಿದಾಗಿನಿಂದ ಸಾಯುವವರೆಗೆ ಅದೇ ಕೆಲಸ. ಒಳಗಿನ ಕೋಣೆಗಳೆಲ್ಲ ಖಾಲಿ. ಜೀವ ಇರುತ್ತಿದ್ದದ್ದು ತೀರಾ ಹೊರಗಿನ ಕೋಣೆಯಲ್ಲಿ, ಬಾಗಿಲ ಹತ್ತಿರ."

ಅಷ್ಟು ಹೇಳಿ ಮೇಷ್ಟ್ರು ಜೇಬಿನಿಂದ ಒಂದು ಸಣ್ಣ ಕಲ್ಲು ತೆಗೆದರು. ನಿಂಬೆಹಣ್ಣಿನಷ್ಟಿತ್ತು. ಕಚ್ಛದಲ್ಲಿ ಸಿಕ್ಕಿದ್ದು ಎಂದರು. ಅದೇ ಸುತ್ತು, ಅದೇ ಗೀರು. ಬಾಯಿಯ ಎರಡು ಪಕ್ಕದಲ್ಲೂ ಕಿವಿಯ ಹಾಗೆ ಚಾಚಿಕೊಂಡಿತ್ತು.

"ಇ‌ದು ಮರಿಯೇ?" ಎಂದ ಅರ್ಚಕ.

"ಅಲ್ಲ, ಪೂರ್ತಿ ಬೆಳೆದದ್ದೇ. ಇವುಗಳಲ್ಲಿ ಸಣ್ಣದು ಗಂಡು, ದೊಡ್ಡದು ಹೆಣ್ಣು ಎಂದು ತಿಳಿದವರು ಹೇಳುತ್ತಾರೆ. ಮೊಟ್ಟೆ ಹೊರುವ ಮೈಗೆ ದೊಡ್ಡ ಮನೆ ಬೇಕಲ್ಲ. ನಿಮ್ಮ ಕೈಯಲ್ಲಿರುವ ಗಾತ್ರ ನೋಡಿದರೆ, ಅದು ಹೆಣ್ಣು ಕಟ್ಟಿದ ಮನೆ."

ಜಗಲಿಯಲ್ಲಿದ್ದ ರುಕ್ಕಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಹೊಸ್ತಿಲಲ್ಲಿ ಪಾತ್ರೆ ಇಟ್ಟು ಹಿಂದೆ ಸರಿದದ್ದು ನೆನಪಾಯಿತು. ಹೊರಗೆ ಕೂರುವ ಮೂರು ಮೂರು ದಿನಗಳಲ್ಲಿ ಆ ಕೋಣೆಯ ಕಡೆ ಮುಖವನ್ನೂ ತಿರುಗಿಸದೆ ಕೂತದ್ದು ನೆನಪಾಯಿತು. ನಾಲ್ಕು ತಲೆಮಾರಿನ ಹೆಂಗಸರು, ಅತ್ತೆ, ಅವಳ ಅತ್ತೆ, ಅವಳ ಅತ್ತೆ, ಎಲ್ಲರೂ ಆ ಹೊಸ್ತಿಲಲ್ಲೇ ನಿಂತು ಬೆನ್ನು ನೋಡಿ ಹೋದವರು. ಯಾರಿಗೆ ಹೆದರಿ?

ಒಳಗಿನಿಂದ ಮುದುಕಿ ಮಾತ್ರ ಹೋ ಎಂದು ನಕ್ಕಳು. ಆ ನಗು ಕೇಳಿ ಅರ್ಚಕನಿಗೆ ಇನ್ನಷ್ಟು ಕೆರಳಿತು. "ಸುಳ್ಳು!" ಎಂದು ಮೇಷ್ಟ್ರ ಮೇಲೆ ಕೂಗಿದ. ಮೇಷ್ಟ್ರು, "ಇರಬಹುದು ಸ್ವಾಮಿ, ನಾನು ಓದಿದ್ದನ್ನು ಹೇಳಿದೆ" ಎಂದು ಎದ್ದು ಹೋದರು.

ಆಚಾರ್ಯರು ಇಲ್ಲಿ ಉಸಿರು ತೆಗೆದುಕೊಂಡರು. ಶ್ರೀಪತಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಸಾಲಿಗ್ರಾಮ ದೇವರಲ್ಲ, ಯಾವುದೋ ಪ್ರಾಣಿಯ ಚಿಪ್ಪು ಎನ್ನುತ್ತೀರಾ ಗುರುಗಳೇ?"

"ನಾನು ಹಾಗೆಂದೆನೇ?" ಆಚಾರ್ಯರ ಧ್ವನಿ ಏರಿತು. "ಅರವತ್ತು ವರ್ಷದಿಂದ ದಿನಾ ಅದಕ್ಕೆ ನೀರೆರೆಯುತ್ತಿದ್ದೇನೆ, ನನಗೆ ಹೇಳಿಕೊಡಬೇಡ. ಇರಲು ಜಾಗ ಬೇಕೆಂದಾಗ ನಾರಾಯಣ ಮೂರು ಲೋಕದಲ್ಲಿ ಹುಡುಕಿ ಒಂದು ಮನೆಯನ್ನು ಆರಿಸಿಕೊಂಡ. ಅದು ಹೆಣ್ಣು ಕಟ್ಟಿದ್ದಾಗಿತ್ತು. ಅವನಿಗಿಲ್ಲದ ಮೈಲಿಗೆ ನಿನಗೆ ಎಲ್ಲಿಂದ ಬಂತು?"

ಆಚಾರ್ಯರು ಕತೆಯ ಕೊನೆಯನ್ನು ಬೇಗ ಬೇಗ ಹೇಳಿದರು.

ಅರ್ಚಕ ಸಾಲಿಗ್ರಾಮವನ್ನು ಎಸೆಯಲಾರ, ಏಕೆಂದರೆ ದೇವರು. ಇಟ್ಟುಕೊಂಡು ಹೆಂಡತಿಯನ್ನು ಹೊರಗೆ ಕೂರಿಸಲಾರ, ಏಕೆಂದರೆ ಮೇಷ್ಟ್ರ ಮಾತು ಬೀದಿಯೆಲ್ಲ ಕೇಳಿಸಿಕೊಂಡಿತ್ತು. ಎರಡು ದಿನ ಒಳಗೇ ಶತಪಥ ತಿರುಗಿದ. ಮೂರನೆಯ ದಿನ ಹೊಸ್ತಿಲ ಮೇಲೆ ಬಂದು ನಿಂತ. ಬೀದಿಯವರು ನೋಡುತ್ತಿದ್ದರು. ದೊಡ್ಡ ಮನಸ್ಸು ಮಾಡಿದವನ ಹಾಗೆ ಉತ್ತರೀಯ ಸರಿಮಾಡಿಕೊಂಡು ಹೇಳಿದ: "ಆದದ್ದು ಆಗಿಹೋಯಿತು. ಪ್ರಾಯಶ್ಚಿತ್ತವೂ ಬೇಡ. ನಾನು ಕ್ಷಮಿಸಿದ್ದೇನೆ. ಒಳಗೆ ಬಾ."

ರುಕ್ಕಮ್ಮ ಅವನ ಮುಖ ನೋಡಿದಳು. ಏಳಲಿಲ್ಲ.

"ಕೇಳಿಸಲಿಲ್ಲವೇ? ಒಳಗೆ ಬಾ ಎಂದೆ" ಎಂದ.

ಅವಳು ಏಳಲಿಲ್ಲ.

ಆಚಾರ್ಯರು ಅಲ್ಲಿಗೆ ನಿಲ್ಲಿಸಿ ತುಳಸಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ತನ್ನ ಮನೆಯ ಜಗಲಿ ಶ್ರೀಪತಿಯ ಕಣ್ಣ ಮುಂದೆ ಬಂದಿತ್ತು. ಈಗ ಹೋಗಿ ಒಳಗೆ ಬಾ ಎಂದುಬಿಡುತ್ತೇನೆ, ಅಲ್ಲಿಗೆ ಸರಿಹೋಯಿತು ಎಂದು ಅವನೂ ಅಂದುಕೊಂಡಿದ್ದ. ತನ್ನ ಹೆಂಡತಿಯೂ ಏಳದಿದ್ದರೆ?

"ಅವನೇ ಕ್ಷಮಿಸಿ ಒಳಗೆ ಕರೆದನಲ್ಲ ಗುರುಗಳೇ" ಎಂದ. ಧ್ವನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ. "ಮತ್ತೆ ಯಾಕೆ ಏಳಲಿಲ್ಲ?"

"ಮನೆ ಕಟ್ಟಿದವಳನ್ನು ಒಳಗೆ ಬಾ ಎಂದು ಕರೆಯುವುದಲ್ಲ ಮೂರ್ಖಾ, ನಾನು ಒಳಗೆ ಬರಲೇ ಎಂದು ಅವಳನ್ನು ಕೇಳುವುದು."